ಇಂಗ್ಲೆಂಡಿನಲ್ಲಿ ಹೇಳಿದ ಸುಳ್ಳು, ದೇವದುರ್ಗದಲ್ಲಿ ಓದಿದ ರದ್ದಿ

ನಾನು ಇಂಗ್ಲೆಂಡಿಗೆ ಹೋಗಿ ಬಂದು ಎಂಟು ವರ್ಷ ದಾಟಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತು, ಬೇಸಿಗೆ ರಜೆಯ ಮೂರು ವಾರ. ಬಂದ ಮೇಲೆ ಕೇಳಿದವರಿಗೆ ಲೆಕ್ಕವಿಲ್ಲ. ಚಳಿ ಎಷ್ಟಿತ್ತು, ಅನ್ನ ಸಿಕ್ಕಿತೇ, ರಾಣಿಯನ್ನು ನೋಡಿದಿರಾ ಎಂದೆಲ್ಲ ಕೇಳಿದರು. ಅಲ್ಲಿ ಏನು ಸುಳ್ಳು ಹೇಳಿ ಬಂದಿರಿ ಎಂದು ಒಬ್ಬರೂ ಕೇಳಲಿಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಸುಮ್ಮನಿದ್ದೆ. ಅದು ಇಳಿಯುವ ಲಕ್ಷಣ ಕಾಣುತ್ತಿಲ್ಲ. ಆದ್ದರಿಂದ ಇರುವ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ರಾಯಚೂರು ಸ್ಟೇಷನ್

ದೇವದುರ್ಗದ ಹೈಸ್ಕೂಲೊಂದರಲ್ಲಿ ನಾನು ಇಂಗ್ಲಿಷ್ ಮಾಸ್ತರ. ನಮ್ಮ ಕಡೆಯ ಕೆಲವು ಶಿಕ್ಷಕರು ಅಲ್ಲಿಗೆ ಹೋಗಿ, ಅಲ್ಲಿಯ ಶಿಕ್ಷಕರ ಮನೆಯಲ್ಲೇ ಇದ್ದು, ಅವರ ಶಾಲೆಯಲ್ಲಿ ಕೂತು ನೋಡಿ ಬರುವ ಒಂದು ಏರ್ಪಾಟು ಆಗ ಇತ್ತು. ಅದರಲ್ಲಿ ನನ್ನ ಹೆಸರು ಹೇಗೆ ಬಂತೋ ನನಗೆ ಈಗಲೂ ಗೊತ್ತಿಲ್ಲ. ಮುಂಬೈ ಗಾಡಿ ಹತ್ತಿಸಲು ಇಡೀ ಸ್ಟಾಫು ರಾಯಚೂರಿಗೆ ಬಂದಿತ್ತು. ಹೆಂಡತಿ ಸಜ್ಜೆ ರೊಟ್ಟಿಯನ್ನು ಕಟಿಕಟಿ ಒಣಗಿಸಿ, ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಜೊತೆ ಕಟ್ಟಿಕೊಟ್ಟಿದ್ದಳು. ಹೆಡ್‌ಮಾಸ್ತರರು ಮಾಲೆ ಹಾಕಿ, ಶಾಲೆಯ ಮಾನ ಕಾಪಾಡಬೇಕೆಂದು ನಾಲ್ಕು ಸಲ ಹೇಳಿದರು. ಏನು ನೋಡಿ ಬರಬೇಕೆಂದು ಮಾತ್ರ ಯಾರೂ ಹೇಳಲಿಲ್ಲ.

ಅಲ್ಲಿಯ ಮೊದಲ ದಿನಗಳು

ನನ್ನ ಪಾಲಿಗೆ ಬಂದದ್ದು ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರು, ಅಲ್ಲಿ ಭೂಗೋಳ ಕಲಿಸುವ ಹೆಲೆನ್ ಎಂಬ ನಡುವಯಸ್ಸಿನ ಹೆಂಗಸು, ಅವರ ಮನೆಯ ಮಹಡಿಯ ಒಂದು ಕೋಣೆ. ಹೆಲೆನ್ ಒಳ್ಳೆಯವರು. ನಾನು ಅವರ ಕಾಲು ತುಳಿದರೂ ಅವರೇ ಕ್ಷಮೆ ಕೇಳುತ್ತಿದ್ದರು. ಶೇಂಗಾ ಹಿಂಡಿಯನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಸುರುವಿಕೊಂಡು ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಬಹಳ ಚೆನ್ನಾಗಿದೆ ಎಂದರು. ಆಮೇಲೆ ಆ ಡಬ್ಬಿಯ ಕಡೆ ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಮೊದಲ ದಿನವೇ ಮುಖಭಂಗವಾಯಿತು. ಪಕ್ಕದಲ್ಲಿ ಕೂತವನನ್ನು ಯಾವ ಊರು, ಮಕ್ಕಳೆಷ್ಟು ಎಂದು ವಿಚಾರಿಸಿದೆ. ಅವನು ಓದುತ್ತಿದ್ದ ಪುಸ್ತಕ ಮುಚ್ಚಿ, ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟ. ನಮ್ಮ ದೇವದುರ್ಗದ ಬಸ್ಸಿನಲ್ಲಾದರೆ ಗಬ್ಬೂರು ಬರುವಷ್ಟರಲ್ಲಿ ಪಕ್ಕದವನ ಮಗಳಿಗೆ ಎಲ್ಲಿ ಗಂಡು ನೋಡಿದ್ದಾರೆ ಎನ್ನುವ ತನಕ ತಿಳಿದಿರುತ್ತದೆ. ತಲೆ ಎತ್ತಿ ನೋಡಿದೆ. ಬಸ್ಸಿನಲ್ಲಿದ್ದವರಲ್ಲಿ ಅರ್ಧ ಜನ ಓದುತ್ತಿದ್ದರು. ಕಂಡಕ್ಟರ್ ಕೂಡ ಟಿಕೆಟ್ ಕೊಟ್ಟು ಮುಗಿಸಿ, ಜೇಬಿನಿಂದ ಒಂದು ಪುಸ್ತಕ ತೆಗೆದು ಕಂಬಕ್ಕೆ ಒರಗಿ ನಿಂತ. ನನಗೆ ಅವತ್ತೇ ಹೊಟ್ಟೆಕಿಚ್ಚು ಶುರುವಾಯಿತು.

ಗಂಟೆ ಹೊಡೆದ ಮೇಲೆ

ಶಾಲೆಯಲ್ಲಿ ಹಾಜರಿ ಮುಗಿದ ಕೂಡಲೇ ಒಂದು ಗಂಟೆ ಹೊಡೆಯುತ್ತಿತ್ತು. ನಾನು ಪ್ರಾರ್ಥನೆ ಇರಬೇಕೆಂದು ಎದ್ದು ನಿಂತೆ. ಎಲ್ಲರೂ ಕೂತರು. ಅರ್ಧ ಗಂಟೆ ಇಡೀ ಶಾಲೆ ಓದಿತು. ಹೆಡ್‌ಮಾಸ್ತರರು ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಎಲ್ಲರಿಗೂ ಕಾಣುವಂತೆ ಓದುತ್ತಿದ್ದರು. ಅಡುಗೆಯ ಹೆಂಗಸರು ಆಲೂಗಡ್ಡೆಯ ಬುಟ್ಟಿ ಪಕ್ಕಕ್ಕೆ ಸರಿಸಿ ಓದುತ್ತಿದ್ದರು. ಕಸ ಗುಡಿಸುವ ಮುದುಕ ಮೆಟ್ಟಿಲ ಮೇಲೆ ಕೂತಿದ್ದ. ಇದನ್ನೆಲ್ಲ ನೋಡುತ್ತ ನಾನು ಓಡಾಡುವಾಗ, ಮುಂಬೈಯಲ್ಲಿ ಕೊಂಡ ನನ್ನ ಹೊಸ ಬೂಟು ಕಿರಗುಟ್ಟುತ್ತಿತ್ತು. ಹನ್ನೆರಡು ವರ್ಷದ ಒಂದು ಹುಡುಗಿ ತಲೆ ಎತ್ತಿ, ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದಳು. ಮಾಸ್ತರನನ್ನು ವಿದ್ಯಾರ್ಥಿ ಸುಮ್ಮನಾಗಿಸುವುದನ್ನು ನಾನು ಕಂಡದ್ದು ಅದೇ ಮೊದಲು. ಉಳಿದ ಹೊತ್ತೆಲ್ಲ ಅಲ್ಲೇ ಗೋಡೆಗೆ ಆತು ನಿಂತಿದ್ದೆ.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಅವರು ಆ ಓದನ್ನು ಅಲ್ಲಿಗೇ ಬಿಡುತ್ತಿರಲಿಲ್ಲ. ಹೆಲೆನ್ ಭೂಗೋಳದ ಪಾಠಕ್ಕೆ ಮೊದಲು ಹಡಗಿನ ಕಥೆಯೊಂದರ ಎರಡು ಪುಟ ಓದಿದರು. ಬಿರುಗಾಳಿಗೆ ಸಿಕ್ಕ ಹಡಗು ಯಾವ ದಿಕ್ಕಿಗೆ ಹೋಗಿರಬೇಕೆಂದು ಮಕ್ಕಳು ಜಗಳವಾಡಿದರು. ನಕಾಶೆ ಬಿಚ್ಚಿದ್ದು ಜಗಳ ತಾರಕಕ್ಕೇರಿದ ಮೇಲೆ. ಬಡಗಿ ಕೆಲಸ ಕಲಿಸುವವನು ದೋಣಿ ಕಟ್ಟುವ ಒಂದು ಅಧ್ಯಾಯ ಓದಿ, ಇದರಲ್ಲಿ ಬರೆದವನು ಎಲ್ಲಿ ತಪ್ಪಿದ್ದಾನೆ ಹೇಳಿ ಎಂದ. ಅಲ್ಲಿಯ ಮೇಷ್ಟ್ರುಗಳಿಗೆ ಕಥೆ, ನಕಾಶೆ, ಮರ ಎಲ್ಲ ಒಂದೇ ಅಂಗಡಿಯ ಸರಕು. ನಾನು ಹದಿನಾಲ್ಕು ವರ್ಷ ಕಲಿಸಿದ್ದೆ. ಕಥೆಯನ್ನು ಪರೀಕ್ಷೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬಹುದೆಂದು ನನಗೆ ಹೊಳೆದಿರಲಿಲ್ಲ. ಆ ಸಿಟ್ಟು ನನ್ನ ಮೇಲೇ ಇತ್ತು. ಆದರೆ ಹೊರಗೆ ಬಿದ್ದದ್ದು ಬೇರೆಯವರ ಮೇಲೆ.

ಸ್ಟಾಫ್ ರೂಮು

ಎರಡನೆಯ ವಾರ ಚಹಾದ ಹೊತ್ತಿಗೆ ಒಬ್ಬ ಮೇಷ್ಟ್ರು ನನ್ನ ಪಕ್ಕ ಬಂದು ಕೂತು, ನಿಮ್ಮ ಶಾಲೆಗೆ ಛಾವಣಿ ಇದೆಯೇ ಎಂದು ಕೇಳಿದ. ತುಂಬ ಮರುಕದಿಂದ ಕೇಳಿದ. ಆ ಮರುಕ ಮೈಯೆಲ್ಲ ಉರಿಸಿತು. ಛಾವಣಿ ಇದೆ ಎಂದೆ. ಮಕ್ಕಳು ಏನು ಓದುತ್ತಾರೆ ಎಂದು ಹೆಲೆನ್ ಕೇಳಿದರು. ಅವರು ಕೇಳಿದ ಬಗೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನು ಆಗಲೇ ಕುದಿಯುತ್ತಿದ್ದೆ. ನಮ್ಮಲ್ಲೂ ಇದೇ ಪದ್ಧತಿ ಇದೆ, ಪ್ರತಿ ಶನಿವಾರ ಬೆಳಿಗ್ಗೆ ಇಡೀ ಶಾಲೆ ಓದುತ್ತದೆ, ಗಣಿತಕ್ಕೂ ವಿಜ್ಞಾನಕ್ಕೂ ಕಥೆಗಳನ್ನು ಜೋಡಿಸುತ್ತೇವೆ ಎಂದುಬಿಟ್ಟೆ. ಹೆಲೆನ್ ಸಣ್ಣ ನೋಟ್ ಪುಸ್ತಕ ತೆಗೆದು ಬರೆದುಕೊಂಡರು. ಚಳಿಗಾಲದಲ್ಲಿ ಹಂಪಿ ನೋಡಲು ಬರುವ ಮನಸ್ಸಿದೆ, ಆಗ ನಿಮ್ಮ ಶನಿವಾರವನ್ನೂ ನೋಡುತ್ತೇನೆ ಎಂದರು. ಅಗತ್ಯವಾಗಿ ಬನ್ನಿ ಎಂದೆ. ಇಂಗ್ಲೆಂಡಿನಿಂದ ದೇವದುರ್ಗಕ್ಕೆ ಯಾರು ಬರುತ್ತಾರೆ ಎಂಬ ಧೈರ್ಯ.

ನಮ್ಮ ಶಾಲೆಯಲ್ಲಿ ಆಗ ಇದ್ದದ್ದು ಪಠ್ಯಪುಸ್ತಕಗಳು, ಒಂದು ಹರಿದ ನಿಘಂಟು, ಗೋಡೆಗೆ ಹಚ್ಚಿದ ಭಾರತದ ನಕಾಶೆ. ಅಷ್ಟೇ.

ಮತ್ತೆ ದೇವದುರ್ಗ

ಶಾಲೆ ಶುರುವಾಗಿ ತಿಂಗಳಾಗಿರಲಿಲ್ಲ, ಹೆಲೆನ್ ಪತ್ರ ಬಂತು. ಡಿಸೆಂಬರ್ ಕೊನೆಗೆ ಬರುತ್ತೇನೆ, ಶನಿವಾರಕ್ಕೇ ಸರಿಯಾಗಿ ದೇವದುರ್ಗ ಮುಟ್ಟುತ್ತೇನೆ ಎಂದಿತ್ತು. ಎರಡು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮೂರನೆಯ ದಿನ, ಹೇಳಿದ ಸುಳ್ಳನ್ನು ನಿಜ ಮಾಡದೆ ಬೇರೆ ದಾರಿಯಿಲ್ಲವೆಂದು ಅನಿಸಿತು. ಹೆಡ್‌ಮಾಸ್ತರರು ಶನಿವಾರದ ಮೊದಲ ಪೀರಿಯಡ್ ಬಿಟ್ಟುಕೊಟ್ಟರು. ಪುಸ್ತಕ ಕೇಳಿ ಮೇಲಿನ ಕಚೇರಿಗೆ ಮೂರು ಅರ್ಜಿ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಗಣಿತದ ಮಾಸ್ತರರು ನಕ್ಕರು. ಪುಸ್ತಕವಿಲ್ಲದೆ ಏನು ಓದಿಸುತ್ತೀರಿ, ಮಕ್ಕಳ ಹಣೆಬರಹವನ್ನೇ ಎಂದರು. ನನಗೆ ಉತ್ತರ ಸಿಕ್ಕಿದ್ದು ಸಂತೆಯಲ್ಲಿ. ಬೆಲ್ಲ ಕಟ್ಟಿಕೊಟ್ಟ ಪುಡಿಕೆ ಬಿಚ್ಚಿದರೆ, ಒಳಗೆ ಯಾವುದೋ ವಾರಪತ್ರಿಕೆಯ ಕಥೆಯ ಒಂದು ಹಾಳೆ. ಬೆಲ್ಲದ ಅಂಟು ಒರೆಸಿ ಅಲ್ಲೇ ನಿಂತು ಓದಿದೆ. ಅಂಗಡಿಯವನು, ಈ ಕಾಗದವೆಲ್ಲ ಮಾನ್ವಿಯಿಂದ ಬರುತ್ತದೆ ಎಂದ.

ಮಾನ್ವಿ

ಸಿರವಾರದಲ್ಲಿ ಬಸ್ಸು ಬದಲಿಸಿ ಮಾನ್ವಿಗೆ ಹೋದೆ. ರಸೂಲ್ ಸಾಬರ ರದ್ದಿ ಅಂಗಡಿ ಬಜಾರಿನ ಒಂದು ಮೂಲೆಯಲ್ಲಿತ್ತು. ಅವರು ಕನ್ನಡ ಮಾತಾಡುತ್ತಿದ್ದರು, ಓದುವುದು ಉರ್ದು ಮಾತ್ರ. ಕಾಗದವನ್ನು ಬೆರಳ ತುದಿಯಲ್ಲಿ ಮುಟ್ಟಿಯೇ ವಿಂಗಡಿಸುತ್ತಿದ್ದರು. ದಪ್ಪದ್ದು ಬೆಲ್ಲಕ್ಕೆ, ತೆಳ್ಳಗಿನದು ಚಹಾಪುಡಿಗೆ, ನುಣುಪಾದದ್ದು ಅತ್ತರಿನ ಅಂಗಡಿಗೆ. ಹಳೆಯ ಪತ್ರಿಕೆ, ಬೆನ್ನು ಕಿತ್ತ ಕಾದಂಬರಿ, ಯಾರದೋ ಮನೆಯ ಅಟ್ಟದಿಂದ ಬಂದ ಕಥೆಗಳು, ಎಲ್ಲ ಹಾಳೆ ಹಾಳೆಯಾಗಿ ಗುಡ್ಡೆ ಬಿದ್ದಿದ್ದವು. ನಾನು ಕಥೆ ಇರುವ ಹಾಳೆ ಬೇಕೆಂದಾಗ ಅವರು ವಿಂಗಡಿಸುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಮಾಸ್ತರ್ ಸಾಬ್, ಎಲ್ಲಾರೂ ಕಾಗದದಾಗ ಏನರ ಕಟ್ಟಾಕ ಒಯ್ತಾರ. ಓದಾಕ ಒಯ್ಯೋರು ನೀವೊಬ್ರೇ ಬಂದೀರಿ ನೋಡ್ರಿ."

ಆಮೇಲೆ ಅವರೇ ಆಸಕ್ತಿ ವಹಿಸಿದರು. ಓದಲು ಬಾರದಿದ್ದರೂ ಅಕ್ಷರದ ದಪ್ಪ, ಕಾಗದದ ಬಣ್ಣ ನೋಡಿ ಒಂದೇ ಪುಸ್ತಕದ ಹಾಳೆಗಳನ್ನು ಹುಡುಕಿ ದಾರ ಕಟ್ಟಿಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ನಮ್ಮ ಶಾಲೆಯಲ್ಲಿ ನಾಲ್ಕು ಗೋಣಿಚೀಲ ಕಥೆಗಳಿದ್ದವು.

ಶನಿವಾರಗಳು

ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಕಥೆಯ ತಲೆ ಒಬ್ಬನ ಹತ್ತಿರ, ಬಾಲ ಇನ್ನೊಬ್ಬಳ ಹತ್ತಿರ. ತಮ್ಮ ಹಾಳೆ ಓದಿ ಮುಗಿದ ಮೇಲೆ ಮುಂದಿನ ಹಾಳೆ ಯಾರಲ್ಲಿದೆ ಎಂದು ಹುಡುಕಿಕೊಂಡು ಹೋಗಬೇಕು. ಐದನೆಯ ಶನಿವಾರದ ಹೊತ್ತಿಗೆ ಒಂಬತ್ತನೆಯ ತರಗತಿಯವರು ಎಂಟನೆಯವರ ಕೋಣೆಗೆ ನುಗ್ಗಿ, ಹಾಳೆ ಕೊಡು ಎಂದು ಕಾಡುತ್ತಿದ್ದರು. ಇಂಗ್ಲೆಂಡಿನ ಮೌನವೇನೂ ನಮ್ಮಲ್ಲಿ ಇರಲಿಲ್ಲ. ಇದ್ದದ್ದು ಸಂತೆಯ ಗದ್ದಲ. ಆದರೆ ಅದು ಓದಿನ ಗದ್ದಲ.

ಎಲ್ಲಕ್ಕಿಂತ ಹೆಚ್ಚು ಓಡಾಡಿದ ಹಾಳೆಗಳು ಒಂದು ಬಾವಿಯ ಕಥೆಯವು. ಬಾವಿ ತೋಡಲು ಇಳಿದವನ ಹಗ್ಗ ಹರಿಯುತ್ತದೆ. ಆತ ಕೆಳಗೆ ಉಳಿಯುತ್ತಾನೆ. ಅಲ್ಲಿಂದ ಮುಂದೆ ಹಾಳೆಯಿಲ್ಲ. ನಕ್ಕಿದ್ದ ಗಣಿತದ ಮಾಸ್ತರರೇ ಹಗ್ಗದ ಉದ್ದ, ನೀರು ಏರುವ ವೇಗ ಇಟ್ಟುಕೊಂಡು ಎರಡು ಪಾಠ ಮಾಡಿದರು. ವಿಜ್ಞಾನದ ಪಾಠದಲ್ಲಿ ನೆಲದ ಪದರಗಳು ಬಂದವು. ಆಮೇಲಿನ ಶನಿವಾರ ಒಂಬತ್ತನೆಯ ತರಗತಿಯ ಹುಲಿಗೆಮ್ಮ ಎದ್ದು ನಿಂತಳು. ಅವಳು ಅರಕೇರಾದವಳು. ಅಪ್ಪ ಅವ್ವ ದುಡಿಯಲು ದೂರದ ಊರುಗಳಿಗೆ ಹೋಗುತ್ತಿದ್ದರಿಂದ ದೇವದುರ್ಗದ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು.

"ಈ ಕಥಿ ಬರದವ್ರು ಬಾವ್ಯಾಗ ಇಳದಿಲ್ಲರೀ. ಕರಿ ಮಣ್ಣು ಮುಗದ ಕೂಡ್ಲೇ ಉಸುಕು ಬರ್ತದ ಅಂತ ಬರದಾರ. ಗರಸು ಬರ್ತದರಿ, ಹರಳಿನ ಗಟ್ಟಿ ಮಣ್ಣು. ನಮ್ಮಪ್ಪ ತೋಡ್ಯಾನ."

ಇಡೀ ತರಗತಿ ನಕ್ಕಿತು. ಪುಸ್ತಕವೇ ತಪ್ಪು ಎನ್ನುವವಳು ಅವರಿಗೆ ಸಿಕ್ಕಿದ್ದು ಅದೇ ಮೊದಲು. ನಾನು ನಗಲಿಲ್ಲ. ಇಂಗ್ಲೆಂಡಿನ ಬಡಗಿ ಮೇಷ್ಟ್ರು ಕೇಳಿದ್ದ ಪ್ರಶ್ನೆಗೆ ಉತ್ತರ ದೇವದುರ್ಗದಲ್ಲಿ, ಕೇಳದೆಯೇ ಬಂದಿತ್ತು. ನನ್ನ ಸುಳ್ಳು ನಿಜವಾಗುತ್ತಿದೆ ಎಂದು ಎದೆ ಉಬ್ಬಿತು. ಹುಲಿಗೆಮ್ಮ ಮುಂದಿನ ಹಾಳೆಗಾಗಿ ಸಂತೆಯ ಅಂಗಡಿಗಳನ್ನೆಲ್ಲ ಜಾಲಾಡಿದಳು. ಡಿಸೆಂಬರಿನಲ್ಲಿ ಎರಡು ಹಾಳೆ ಸಿಕ್ಕವು. ಮೇಲಿನವರು ಬುಟ್ಟಿ ಇಳಿಸುವ ತನಕ ಕಥೆ ಬಂದಿತ್ತು. ಆ ಎರಡನ್ನೂ ಅವಳು ನಿಯಮದಂತೆ ಶಾಲೆಯ ಚೀಲಕ್ಕೇ ಹಾಕಿದಳು. ಮುಂದಿನ ಶನಿವಾರ ಎಲ್ಲರಿಗೂ ಓದಿ ಹೇಳುವುದೆಂದು ನಿಶ್ಚಯವಾಯಿತು.

ರಾಯಚೂರಿನಿಂದ ಬಂದ ಜೀಪು

ಹೆಲೆನ್ ಬರುವ ಸುದ್ದಿ ಹೇಗೋ ಮೇಲಕ್ಕೆ ಹೋಗಿತ್ತು. ಮೂರು ಅರ್ಜಿಗೆ ಮಿಸುಕದ ಕಚೇರಿ ಒಬ್ಬ ಬಿಳಿ ಹೆಂಗಸಿಗೆ ಎದ್ದು ಕೂತಿತು. ಶುಕ್ರವಾರ ಬೆಳಿಗ್ಗೆಯೇ ರಾಯಚೂರಿನಿಂದ ಜೀಪಿನಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ಬಂದಿಳಿದರು. ಚೀಲಗಳನ್ನು ಬೂಟಿನ ತುದಿಯಿಂದ ಮುಟ್ಟಿ, ಇದೇನು ಎಂದರು. ನಾನು ವಿವರಿಸಿದೆ. ಬಾವಿಯ ಕಥೆ, ಗಣಿತ, ಗರಸು, ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ಫಾರಿನ್ನವ್ರ ಮುಂದ ರದ್ದಿ ಓದಿಸ್ತೀರೇನ್ರಿ? ದೇಶದ ಮರ್ಯಾದಿ ಪ್ರಶ್ನಿ ಅದ ಇದು."

ಮರ್ಯಾದೆ. ಸ್ಟಾಫ್ ರೂಮಿನಲ್ಲಿ ಕೂತು ನಾನು ಕಾಪಾಡಿದ್ದೂ ಅದನ್ನೇ ಅಲ್ಲವೇ? ಚೀಲಗಳನ್ನು ಎರಡು ದಿನ ಟ್ರಾವೆಲರ್ಸ್ ಬಂಗಲೆಯಲ್ಲಿ ಇಟ್ಟಿರುತ್ತೇವೆ ಎಂದರು. ಸರಿ ಸರ್ ಎಂದು ನಾನೇ ಒಂದೊಂದಾಗಿ ಎತ್ತಿ ಬಂಡಿಗೆ ಹಾಕಿಸಿದೆ. ಬದಲಿಗೆ ಜೀಪಿನಿಂದ ಬೈಂಡ್ ಮಾಡಿದ ಪುಸ್ತಕಗಳು ಇಳಿದವು. ಎಲ್ಲ ಒಂದೇ ಎತ್ತರ. ಎಲ್ಲಿಂದ ತಂದರೋ, ಭತ್ತದ ಕೀಟಗಳು, ಕುರಿ ಸಾಕಣೆ, ಯೋಜನಾ ವರದಿ. ಮೂಲೆ ಮಡಿಸಬಾರದು, ಸಂಜೆಗೆ ವಾಪಸ್ ಹೋಗಬೇಕು ಎಂದು ಮಕ್ಕಳಿಗೆ ತಾಕೀತಾಯಿತು. ಹಾಳೆ ಯಾವಾಗ ತಿರುವಬೇಕೆಂದು ಸೀಟಿ ಊದಿ ಅಭ್ಯಾಸ ಮಾಡಿಸಿದರು.

ನಮ್ಮ ಶಾಲೆಗಳಲ್ಲಿ ತನಿಖೆಗೆ ಒಂದು ಉಪಾಯವುಂಟು. ಸಾಹೇಬರು ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಬರುವವರು ಬಲಗೈ, ಬಾರದವರು ಎಡಗೈ. ಮಾಸ್ತರ ಬಲಗೈಯವರನ್ನು ಮಾತ್ರ ಎಬ್ಬಿಸುತ್ತಾನೆ. ನಾನೂ ಹಾಗೆ ಕಲಿತವನು, ಹಾಗೇ ಕಲಿಸಿದವನು. ಅವತ್ತು ಆ ಉಪಾಯವನ್ನೂ ಒಮ್ಮೆ ಮೆಲುಕು ಹಾಕಿಸಿದೆವು.

ಹೆಲೆನ್ ಬಂದ ದಿನ

ಹೆಲೆನ್ ಶುಕ್ರವಾರ ಸಂಜೆಯೇ ಬಂದು ಬಂಗಲೆಯಲ್ಲಿ ಉಳಿದಿದ್ದರು. ಶನಿವಾರ ಬೆಳಿಗ್ಗೆ ಶಾಲೆಗೆ ಬಂದವರ ಕಣ್ಣಲ್ಲಿ ನಿಜವಾದ ಸಂತೋಷವಿತ್ತು. ಇಡೀ ಶಾಲೆ ಮೌನವಾಗಿ ಓದುತ್ತಿತ್ತು. ಸೀಟಿಯಿಲ್ಲದಿದ್ದರೂ ಹಾಳೆಗಳು ಒಟ್ಟಿಗೇ ತಿರುಗುತ್ತಿದ್ದವು. ನೀವು ಹೇಳಿದ ಹಾಗೆಯೇ ಇದೆ ಎಂದು ಹೆಲೆನ್ ನನ್ನ ಕೈ ಕುಲುಕಿದರು. ಆಮೇಲೆ ಮಕ್ಕಳ ಕಡೆ ತಿರುಗಿ, ಓದುತ್ತಿರುವ ಪುಸ್ತಕ ಯಾರಿಗೆಲ್ಲ ಇಷ್ಟವಾಯಿತು ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಸರ್ರನೆ ಎಲ್ಲ ಕೈಗಳು ಮೇಲೆದ್ದವು. ಹೆಲೆನ್ ಚಪ್ಪಾಳೆ ತಟ್ಟಿದರು. ಸಾಹೇಬರು ಮೀಸೆ ತೀಡಿಕೊಂಡರು. ಎದ್ದ ಕೈಗಳಲ್ಲಿ ಒಂದೂ ಬಲಗೈ ಇರಲಿಲ್ಲ.

ಯಾರನ್ನು ಎಬ್ಬಿಸಲಿ ಎಂದು ನಾನು ತಡವರಿಸುತ್ತಿದ್ದಾಗ ಹೆಲೆನ್ ತಾವೇ ಬೆಂಚುಗಳ ನಡುವೆ ನಡೆದುಹೋಗಿ ಹುಲಿಗೆಮ್ಮನ ಮುಂದೆ ನಿಂತರು. ಇದರಲ್ಲಿ ನಿನಗೆ ಯಾವುದು ಇಷ್ಟ ಎಂದರು. ಹುಲಿಗೆಮ್ಮ ಕುರಿ ಸಾಕಣೆಯನ್ನು ಬೆಂಚಿನ ಮೇಲಿಟ್ಟು ಎದ್ದಳು. ನನ್ನ ಕಡೆ ನೋಡಿ ಹೇಳಿದಳು.

"ಇದು ನಿನ್ನಿ ಕೊಟ್ಟಿದ್ದರಿ, ಸಂಜಿಗೆ ಒಯ್ತಾರ. ನಾವು ಓದೋ ಹಾಳಿ ಬ್ಯಾರೇ ಇದ್ವು. ಮುಂಜಾನೆ ಇವ್ರ ಜಳಕದ ನೀರು ಕಾಸಾಕ ಅವನ್ನ ಒಲಿಗೆ ಹಾಕ್ಯಾರ. ನಮ್ಮತ್ತಿ ಬಂಗಲ್ಯಾಗ ಕಸ ಹೊಡಿತಾಳ, ಆಕಿ ನೋಡ್ಯಾಳ್ರಿ."

ನನಗೆ ಆ ಸುದ್ದಿ ತಿಳಿದದ್ದು ಆ ಕ್ಷಣದಲ್ಲಿ, ಅವಳ ಬಾಯಿಂದ. ನಾಲ್ಕು ಚೀಲ. ರಸೂಲ್ ಸಾಬರು ಕಟ್ಟಿದ ದಾರಗಳು. ಬಾವಿಯಲ್ಲಿ ಉಳಿದವನು. ಸಿಟ್ಟು ನೆತ್ತಿಗೇರಿತು. ಸಾಹೇಬರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಹೆಲೆನ್ ನಗುಮುಖದಿಂದ ಕಾಯುತ್ತಿದ್ದರು. ನಿಜ ಹೇಳಿದರೆ ಕೆಲಸದ ಗತಿ ಏನೋ ಗೊತ್ತಿಲ್ಲ, ನನ್ನ ಸ್ಟಾಫ್ ರೂಮಿನ ಸುಳ್ಳು ಮಾತ್ರ ಅಲ್ಲೇ ಬಯಲಾಗುತ್ತಿತ್ತು. ನಾನು ಇಂಗ್ಲಿಷಿನಲ್ಲಿ, ಅವಳಿಗೆ ಈ ಪುಸ್ತಕ ಬಹಳ ಇಷ್ಟವಂತೆ, ಪ್ರಾಣಿಗಳ ಬಗ್ಗೆ ಇದೆಯಂತೆ ಎಂದೆ.

ಐದನೆಯ ತರಗತಿಯಿಂದ ಇಂಗ್ಲಿಷ್ ಓದಿದ್ದ ಹುಡುಗಿ ಅವಳು. ಒಂಬತ್ತರಲ್ಲಿ ಅವಳಿಗೆ ಇಂಗ್ಲಿಷ್ ಕಲಿಸುತ್ತಿದ್ದವನು ನಾನೇ. ಅಂಥ ಎರಡು ಸಣ್ಣ ವಾಕ್ಯ ಅವಳಿಗೆ ತಿಳಿಯುವುದಿಲ್ಲವೇ? ನನ್ನ ಮುಖವನ್ನು ಒಮ್ಮೆ ನೋಡಿದಳು. ಕೂತುಕೊಂಡಳು. ಹೆಲೆನ್ ಅವಳ ತಲೆ ಸವರಿ ಮುಂದೆ ಹೋದರು. ಮಧ್ಯಾಹ್ನಕ್ಕೆ ಜೀಪು ಅವರನ್ನು ಕರೆದುಕೊಂಡು ಹೋಯಿತು, ಪುಸ್ತಕಗಳನ್ನೂ.

ಮುಂದಿನ ಶನಿವಾರ

ಆ ವಾರ ನಾನು ಮಾನ್ವಿಗೆ ಹೋಗಿ ರಸೂಲ್ ಸಾಬರ ಮುಂದೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಬಾವಿಯ ಕಥೆಯ ಕಾಗದ ಹಳದಿ ಬಣ್ಣದ್ದು, ಅಂಥದ್ದು ಇನ್ನು ಬರುವುದು ಅನುಮಾನ ಎಂದಷ್ಟೇ ಹೇಳಿ, ಇದ್ದಷ್ಟು ಹಾಳೆ ಕಟ್ಟಿಕೊಟ್ಟರು. ಅರ್ಧ ಚೀಲವೂ ಆಗಲಿಲ್ಲ.

ಶನಿವಾರ ಆ ಹಾಳೆಗಳನ್ನು ಹಂಚಲು ಹೊರಟಾಗ ಹುಲಿಗೆಮ್ಮ ಕೈ ಚಾಚಲಿಲ್ಲ.

"ಸರ್, ನಾ ಅವತ್ತು ಹಂಗ ಹೇಳಿದ್ದಿಲ್ಲರೀ."

ಗೊತ್ತು ಎಂದೆ. ಹಾಳೆಗಳನ್ನು ಮೇಜಿನ ಮೇಲಿಟ್ಟು, ಹೆಲೆನ್‌ಗೆ ಇವತ್ತೇ ಕಾಗದ ಬರೆಯೋಣ, ಇಲ್ಲೇ ಬರೆಯೋಣ ಎಂದೆ. ಬೋರ್ಡಿನ ಮೇಲೆ ಒಂದೊಂದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ಅರ್ಥ ಹೇಳುತ್ತ ಹೋದೆ. ಮೇ ತಿಂಗಳಲ್ಲಿ ನಾನು ಹೇಳಿದ್ದು ಸುಳ್ಳು. ಡಿಸೆಂಬರಿನ ಹೊತ್ತಿಗೆ ಅದು ನಿಜವಾಗಿತ್ತು. ನೀವು ನೋಡಿದ್ದು ಆ ನಿಜವನ್ನಲ್ಲ. ಈ ಹುಡುಗಿ ನಿಮಗೆ ಹೇಳಿದ್ದು ಇದು. ನಮ್ಮ ಹಾಳೆಗಳನ್ನು ಕಚೇರಿಯವರು ಒಯ್ದರು, ನಿಮ್ಮ ಸ್ನಾನದ ನೀರಿಗೆ ಸುಟ್ಟರು. ಬರೆಯುವಾಗ ಸೀಮೆಸುಣ್ಣ ಎರಡು ಸಲ ಮುರಿಯಿತು, ಅಷ್ಟು ಸಿಟ್ಟಿತ್ತು. ಬರೆದು ಮುಗಿಸಿ ಕೈ ಒರೆಸಿಕೊಂಡು, ಸರಿಯಾಗಿದೆಯೇ ನೋಡು ಎಂದು ಹುಲಿಗೆಮ್ಮನಿಗೆ ಹೇಳಿದೆ.

ಅವಳು ಬೋರ್ಡಿನ ಹತ್ತಿರ ಬಂದು, ಬಾವಿಯ ಕಥೆ ಓದಿದಂತೆಯೇ, ಬೆರಳಿಟ್ಟು ಮೇಲಿನಿಂದ ಕೆಳಗಿನ ತನಕ ಓದಿದಳು.

"ಒಯ್ದರು, ಸುಟ್ಟರು ಅಂತ ಬರದೀರಿ. ಚೀಲ ಎತ್ತಿ ಬಂಡಿಗೆ ಯಾರು ಹಾಕಿದ್ರು ಅಂತ ಬರದಿಲ್ಲರೀ."

ಎಂಟು ತಿಂಗಳಿಂದ ಛಾವಣಿಯ ಪ್ರಶ್ನೆ ಕೇಳಿದವನ ಮೇಲೆ, ಸಾಹೇಬರ ಮೇಲೆ, ಉತ್ತರ ಬರದ ಅರ್ಜಿಗಳ ಮೇಲೆ ನಾನು ಹೊತ್ತು ತಿರುಗಿದ ಸಿಟ್ಟೆಲ್ಲ ಆ ಒಂದು ಮಾತಿಗೆ ತಿರುಗಿ ನನ್ನ ಎದುರೇ ನಿಂತಿತು. ಸೀಮೆಸುಣ್ಣ ತೆಗೆದುಕೊಂಡು ಆ ವಾಕ್ಯವನ್ನು ಸೇರಿಸಿದೆ, ನನ್ನ ಹೆಸರು ಹಾಕಿ. ಕಾಗದವನ್ನು ಬೋರ್ಡಿನಿಂದ ನೋಡಿ ಬರೆದವಳು ಹುಲಿಗೆಮ್ಮನೇ. ನನ್ನ ಹೆಸರು ಬಂದಾಗ ಅವಳ ಪೆನ್ನು ನಿಲ್ಲಲಿಲ್ಲ.